ಶಾಶ್ವತ ಕೃಷಿಯೂ ಶರಣರ ಬಾಳ್ವೆಯೂ

ಬಿತ್ತಿದವನು ಬೆಳೆಯನ್ನು ಉಣ್ಣುವನೆಂಬುದು ಲೋಕದ ಮಾತು. ಉಂಡವನು ಭೂಮಿಗೆ ಮರಳಿ ಏನನ್ನು ಕೊಟ್ಟನೆಂದು ಕೇಳುವವರು ಮಾತ್ರ ವಿರಳ. ಹೊಲದ ಕಾಳು ಮನೆಗೆ ಬರುತ್ತದೆ; ಮೇವು ಮಾರಾಟವಾಗುತ್ತದೆ; ಉಳಿದ ಕೂಳೆಯು ಬೆಂಕಿಯ ಪಾಲಾಗುತ್ತದೆ. ಹೀಗೆ ವರ್ಷವರ್ಷವೂ ತೆಗೆಯುತ್ತಲೇ ಹೋದರೆ ಮಣ್ಣಿನ ಸಾರವು ಬತ್ತಿ, ಒಂದು ಕಾಲಕ್ಕೆ ಬಂಗಾರದಂತಿದ್ದ ನೆಲವು ಬರಡಾಗುವುದು.

ಮನುಷ್ಯನ ಅಂತರಂಗದ ಹೊಲಕ್ಕೂ ಇದೇ ಗತಿ. ಬೆಳಗಿನಿಂದ ಇರುಳಿನವರೆಗೆ ದುಡಿಯುವ ಗೃಹಸ್ಥನಿದ್ದಾನೆ. ಅವನ ಆದಾಯ ಹೆಚ್ಚಿದೆ, ಮನೆಯಲ್ಲಿ ವಸ್ತುಗಳು ತುಂಬಿವೆ. ಆದರೆ ಲಿಂಗಪೂಜೆಗೆ ಕುಳಿತರೆ ಮನಸ್ಸು ನಿಲ್ಲದು. ಹೆಂಡಿರು ಮಕ್ಕಳೊಡನೆ ಎರಡು ಮಾತನಾಡಲು ಬಿಡುವಿಲ್ಲ. ಬಾಗಿಲಿಗೆ ಬಂದ ಜಂಗಮನು ಹೊರೆಯಾಗಿ ತೋರುತ್ತಾನೆ. ತೆಗೆಯುವುದು ಮಾತ್ರ ನಡೆದು ತುಂಬುವುದು ನಿಂತುಹೋದ ಹೊಲವಿದು. ಇಂಥ ಹೊಲವನ್ನು ಮತ್ತೆ ಫಲವತ್ತಾಗಿ ಮಾಡುವ ಬಗೆ ಯಾವುದು? ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಶರಣರು ತಮ್ಮ ಬಾಳಿನಿಂದಲೇ ಉತ್ತರವಿತ್ತರು. ಇಪ್ಪತ್ತನೆಯ ಶತಮಾನದಲ್ಲಿ ದೂರದ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಒಂದು ಕೃಷಿವಿಚಾರವು ಆ ಉತ್ತರವನ್ನು ಹೊಸದಾಗಿ ಮನನಮಾಡಲು ನೆರವಾಗುವಂತಿದೆ.

ಶಾಶ್ವತ ಕೃಷಿಯೆಂದರೇನು?

ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪದ ಬಿಲ್ ಮಾಲಿಸನ್ ಎಂಬವರು ಕಾಡಿನ ಜೀವನವನ್ನು ಬಹುಕಾಲ ಕಣ್ಣಾರೆ ಕಂಡವರು. ಡೇವಿಡ್ ಹೋಮ್‌ಗ್ರೆನ್ ಎಂಬ ತರುಣ ವಿದ್ಯಾರ್ಥಿಯು ಅವರೊಡನೆ ಸೇರಿದರು. ಇಬ್ಬರೂ ಕೂಡಿ 1978ರಲ್ಲಿ ‘ಪರ್ಮಾಕಲ್ಚರ್ ವನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಶಾಶ್ವತವೆಂಬ ಅರ್ಥದ ಪದವನ್ನೂ ಕೃಷಿಯೆಂಬ ಅರ್ಥದ ಪದವನ್ನೂ ಬೆಸೆದು ಮಾಡಿದ ಹೆಸರು ಪರ್ಮಾಕಲ್ಚರ್. 1981ರಲ್ಲಿ ಮಾಲಿಸನ್ನರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿಯು ಸಂದಿತು. ‘ಸರಿಯಾದ ಜೀವನೋಪಾಯ’ವೆಂಬುದು ಆ ಪ್ರಶಸ್ತಿಯ ಹೆಸರಿನ ಅರ್ಥ. ಕಾಯಕವೆಂಬ ಮಾತನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಮಾಲಿಸನ್ನರು 2016ರಲ್ಲಿ ತೀರಿಕೊಂಡರು. ಈ ವಿಚಾರವನ್ನು ಅನುಸರಿಸುವವರ ಅಂತಾರಾಷ್ಟ್ರೀಯ ಸಮ್ಮೇಳನವು 2017ರಲ್ಲಿ ಹೈದರಾಬಾದಿನಲ್ಲಿಯೇ ನಡೆಯಿತು.

ಇದರ ಮೂಲ ಸರಳವಾದುದು. ಕಾಡನ್ನು ಯಾರೂ ಉಳುವುದಿಲ್ಲ, ಯಾರೂ ಗೊಬ್ಬರ ಹಾಕುವುದಿಲ್ಲ. ಆದರೂ ಕಾಡು ಬಡವಾಗುವುದಿಲ್ಲ. ಉದುರಿದ ಎಲೆಯು ಅಲ್ಲಿಯೇ ಕೊಳೆತು ಬೇರಿಗೆ ಆಹಾರವಾಗುತ್ತದೆ. ದೊಡ್ಡ ಮರದ ನೆರಳಿನಲ್ಲಿ ಚಿಕ್ಕ ಗಿಡ, ಅದರಡಿಯಲ್ಲಿ ಬಳ್ಳಿ, ನೆಲದಲ್ಲಿ ಗೆಡ್ಡೆ, ಹೀಗೆ ಒಂದು ಮತ್ತೊಂದಕ್ಕೆ ಆಸರೆಯಾಗಿ ಬಾಳುತ್ತದೆ. ಒಂದರ ಮಿಕ್ಕುದು ಇನ್ನೊಂದರ ಊಟ. ಈ ಕ್ರಮವನ್ನು ತೋಟಕ್ಕೂ ಮನೆಗೂ ಊರಿಗೂ ಅಳವಡಿಸಬೇಕೆಂಬುದೇ ಶಾಶ್ವತ ಕೃಷಿಯ ಹಂಬಲ. ಅದಕ್ಕೆ ಮೂರು ನೀತಿಗಳುಂಟು: ಭೂಮಿಯ ಪಾಲನೆ ಮೊದಲನೆಯದು, ಜನರ ಪಾಲನೆ ಎರಡನೆಯದು, ಬಳಕೆಗೆ ಮಿತಿಯನ್ನಿಟ್ಟು ಮಿಕ್ಕುದನ್ನು ಮರಳಿ ಹಂಚುವುದು ಮೂರನೆಯದು. ಈ ಮೂರರ ಮೇಲೆ ನಿಂತು ಹೋಮ್‌ಗ್ರೆನ್ನರು 2002ರಲ್ಲಿ ಹನ್ನೆರಡು ತತ್ತ್ವಗಳನ್ನು ವಿವರಿಸಿದರು. ಅವುಗಳಲ್ಲಿ ಗೃಹಸ್ಥಜೀವನಕ್ಕೆ ಒದಗುವ ಕೆಲವನ್ನು ಮಾತ್ರ ಇಲ್ಲಿ ವಿಚಾರಿಸಬಹುದು.

ಕನ್ನಡನಾಡಿನ ಒಕ್ಕಲಿಗನಿಗೆ ಇದೆಲ್ಲವೂ ಹೊಸತೆನ್ನುವಂತಿಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಸಾಲಾಗಿ ಬಿತ್ತುವ ಪದ್ಧತಿ ಇಲ್ಲಿಯದೇ. ದ್ವಿದಳಧಾನ್ಯದ ಬೇರಿನ ಗಂಟುಗಳಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುವು. ಬೇರು ಕೊಳೆತಾಗ ಅದು ಮಣ್ಣಿಗೆ ಸೇರುವುದು. ಒಂದು ಬೆಳೆಗೆ ಮಳೆ ಕೈಕೊಟ್ಟರೆ ಮತ್ತೊಂದು ಕೈಹಿಡಿಯುವುದು. ಹಿತ್ತಲ ತಿಪ್ಪೆಯು ಮನೆಯ ಕಸವನ್ನು ಹೊಲದ ಸಿರಿಯಾಗಿ ಮಾಡುತ್ತಿದ್ದಿತು. ಆದರೆ ಅಜ್ಜನು ರೂಢಿಯಿಂದ ಮಾಡಿದ್ದನ್ನು ಮೊಮ್ಮಗನು ರೂಢಿತಪ್ಪಿ ಮರೆತನು. ಇನ್ನು ಅವನು ಅರಿತು ಮಾಡಬೇಕಾಗಿದೆ. ಆಚಾರಕ್ಕೆ ಅರಿವು ಕೂಡಬೇಕೆಂದು ಶರಣರು ಹೇಳಿದ್ದೂ ಇದಕ್ಕಾಗಿಯೇ.

ಮೊದಲು ನೋಡುವುದು

ಹನ್ನೆರಡು ತತ್ತ್ವಗಳಲ್ಲಿ ಮೊದಲನೆಯದು, ಕೈಹಾಕುವ ಮುನ್ನ ಕಣ್ಣಿಟ್ಟು ನೋಡಬೇಕೆಂಬುದು. ಹೊಸ ನೆಲಕ್ಕೆ ಬಂದವನು ಒಡನೆಯೇ ಗುದ್ದಲಿ ಹಿಡಿಯಬಾರದು. ಮಳೆಯ ನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲುವುದು, ಬೇಸಗೆಯ ಬಿಸಿಲು ಯಾವ ಮಗ್ಗುಲಿಗೆ ಬೀಳುವುದು, ಗಾಳಿ ಯಾವ ದಿಕ್ಕಿನಿಂದ ಬೀಸುವುದು, ತಾನಾಗಿ ಯಾವ ಗಿಡ ಹುಟ್ಟುವುದು ಎಂಬುದನ್ನು ಋತುಗಳು ಒಂದು ಸುತ್ತು ಬರುವವರೆಗೆ ನೋಡುವುದೇ ಲೇಸು.

ಮನೆಯಲ್ಲಿಯೂ ಇದೇ ನಡೆ. ಮಗನು ಓದಿನಲ್ಲಿ ಹಿಂದುಳಿದನೆಂದು ತಂದೆಯು ಗದರಿಸುತ್ತಾನೆ. ಹುಡುಗನು ಎಷ್ಟು ಹೊತ್ತಿಗೆ ಮಲಗುತ್ತಾನೆ, ಏನನ್ನು ಹೆದರುತ್ತಾನೆ, ಯಾವುದರಲ್ಲಿ ಅವನ ಮನಸ್ಸು ಅರಳುತ್ತದೆ ಎಂದು ಒಂದು ತಿಂಗಳು ಸುಮ್ಮನೆ ನೋಡಿದ ತಂದೆಯರೆಷ್ಟು ಮಂದಿ? ತನ್ನ ಮನಸ್ಸನ್ನೂ ಹೀಗೆಯೇ ನೋಡಬೇಕು. ಕೋಪವು ಯಾವ ಹೊತ್ತಿಗೆ ಬರುವುದು? ಹಸಿವಾದಾಗಲೋ, ದಣಿದಾಗಲೋ, ನೆರೆಯವನ ಏಳಿಗೆಯನ್ನು ಕಂಡಾಗಲೋ? ಕಳೆಯ ಬೇರು ಎಲ್ಲಿದೆಯೆಂದು ತಿಳಿಯದೆ ಎಲೆಯನ್ನು ಕಿತ್ತರೆ ಅದು ಮತ್ತೆ ಚಿಗುರುವುದು. ಅರಿವೇ ಗುರುವೆಂಬ ಮಾತಿನ ಮೊದಲ ಮೆಟ್ಟಿಲು ಈ ನೋಟ.

ಹತ್ತಿರದ್ದು ಹತ್ತಿರವಿರಲಿ

ಶಾಶ್ವತ ಕೃಷಿಯಲ್ಲಿ ನೆಲವನ್ನು ವಲಯಗಳಾಗಿ ವಿಂಗಡಿಸುವ ಕ್ರಮವುಂಟು. ಮನೆಯೇ ನಡುಮಧ್ಯ. ದಿನವೂ ಕೈ ತಾಗಬೇಕಾದ ಸೊಪ್ಪು, ಕರಿಬೇವು, ಮೆಣಸಿನಗಿಡಗಳು ಬಾಗಿಲ ಬಳಿಯಲ್ಲಿರಬೇಕು. ವಾರಕ್ಕೊಮ್ಮೆ ನೋಡುವ ಹಣ್ಣಿನ ಗಿಡಗಳು ಅದರಾಚೆ. ಹೊಲವು ಇನ್ನೂ ಆಚೆ. ಎಲ್ಲಕ್ಕೂ ಹೊರಗೆ ಯಾರೂ ಕೈಹಾಕದ ಕಾಡು. ಯಾವುದಕ್ಕೆ ನಿತ್ಯದ ಆರೈಕೆ ಬೇಕೋ ಅದನ್ನು ದೂರವಿಟ್ಟರೆ ಅದು ಕೆಡುವುದು ಖಂಡಿತ. ಸೋಮಾರಿತನದಿಂದಲ್ಲ, ದೂರದಿಂದಲೇ ಅದು ಕೆಡುವುದು.

ಈ ವಿಷಯದಲ್ಲಿ ಶರಣರ ದೃಷ್ಟಿ ಎಷ್ಟು ಸೂಕ್ಷ್ಮವಾದುದು! ಅವರು ಉಪಾಸನೆಯ ವಸ್ತುವನ್ನು ಬೆಟ್ಟದ ಮೇಲಿನ ಗುಡಿಯಲ್ಲಿ ಇರಿಸಲಿಲ್ಲ, ಊರ ಹೊರಗಿನ ಕ್ಷೇತ್ರದಲ್ಲಿ ಇರಿಸಲಿಲ್ಲ. ಇಷ್ಟಲಿಂಗವನ್ನು ಮೈಮೇಲೆ ಧರಿಸಿದರು, ಕರಸ್ಥಲದಲ್ಲಿಟ್ಟು ಪೂಜಿಸಿದರು. ನಿತ್ಯದ ಆರೈಕೆ ಬೇಕಾದುದು ನಿತ್ಯವೂ ಕೈಗೆ ಸಿಗುವಲ್ಲಿಯೇ ನೆಲಸಿತು. ಗೃಹಸ್ಥನು ತನ್ನ ದಿನವನ್ನು ಹೀಗೆ ವಲಯಗಳಾಗಿ ವಿಂಗಡಿಸಿ ನೋಡಲಿ. ಪೂಜೆ, ಮಡದಿ ಮಕ್ಕಳ ಮಾತು, ವೃದ್ಧರಾದ ತಂದೆತಾಯಿಗಳ ಸೇವೆ, ಇವು ಬಾಗಿಲ ಬಳಿಯ ಗಿಡಗಳು. ಇವು ದೂರದ ಹೊಲಕ್ಕೆ ಹೋಗಿ, ಪೇಟೆಯ ಸುದ್ದಿಯೂ ಪರರ ಜಗಳವೂ ಬಾಗಿಲಿಗೆ ಬಂದು ನಿಂತಿದ್ದರೆ ತೋಟದ ವ್ಯವಸ್ಥೆಯೇ ತಲೆಕೆಳಗಾಗಿದೆಯೆಂದು ತಿಳಿಯಬೇಕು.

ಮಳೆಯನ್ನು ಹಿಡಿಯುವುದು, ಕೆರೆಯನ್ನು ಕಟ್ಟುವುದು

ಬಂದಾಗ ಹಿಡಿದಿಡಬೇಕೆಂಬುದು ಎರಡನೆಯ ತತ್ತ್ವ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ವರ್ಷಕ್ಕೆ 600 ಮಿಲಿಮೀಟರು ಮಳೆಯಾಗುವ ಊರಿನಲ್ಲಿ 100 ಚದರ ಮೀಟರಿನ ಮಾಳಿಗೆಯ ಮೇಲೆ ಬೀಳುವ ನೀರು 60,000 ಲೀಟರು. ಅದರಲ್ಲಿ ಒಂದಿಷ್ಟು ಆವಿಯಾಗಿ, ಸೋರಿ ಹೋದರೂ ಉಳಿಯುವುದು ಅಲ್ಪವಲ್ಲ. ಆ ಮನೆಯವರೇ ಬೇಸಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವರು! ಓಡುವ ನೀರನ್ನು ನಡೆಯುವಂತೆ ಮಾಡಿ, ನಡೆಯುವ ನೀರನ್ನು ನಿಲ್ಲುವಂತೆ ಮಾಡಿ, ನಿಂತ ನೀರನ್ನು ನೆಲಕ್ಕೆ ಇಂಗಿಸುವುದರಲ್ಲಿ ನೆಲದ ಬದುಕಿದೆ. ಮನಸ್ಸಿಗೂ ಮಳೆಗಾಲವುಂಟು. ಬೆಳಗಿನ ತಿಳಿಯಾದ ಹೊತ್ತು, ಸತ್ಸಂಗದಲ್ಲಿ ಕೇಳಿದ ಒಂದು ಮಾತು, ಯೌವನದ ಶಕ್ತಿ, ಇವೆಲ್ಲ ಬಂದು ಹರಿದುಹೋಗುವ ಮಳೆಗಳು. ಇವನ್ನು ನಿತ್ಯನಿಯಮವೆಂಬ ಬದುವಿನಿಂದ ತಡೆದು ಇಂಗಿಸಿಕೊಂಡವನಿಗೆ ಕಷ್ಟದ ಬೇಸಗೆಯಲ್ಲಿ ಒರತೆ ಬತ್ತದು.

ಕೆರೆಯ ಮಾತು ಬಂದಾಗ ಸೊನ್ನಲಿಗೆಯ ಸಿದ್ಧರಾಮೇಶ್ವರರು ನೆನಪಾಗದಿರರು. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಲೋಕಹಿತಕ್ಕಾಗಿ ಅವರು ಅಲ್ಲಿ ಕೆರೆಯನ್ನು ಕಟ್ಟಿಸಿದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರ ಕಾರ್ಯದೊಳಗೆ ಅಡಗಿದ್ದ ‘ನಾನು ಮಾಡಿದೆ’ನೆಂಬ ಭಾವವನ್ನು ಎತ್ತಿ ತೋರಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುವುದು. ಶಿಷ್ಯರು ಕೆರಳಿದರು. ಸಿದ್ಧರಾಮರಾದರೋ ಕೊನೆಗೆ ಆ ನುಡಿಯನ್ನು ಒಪ್ಪಿ, ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು, ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಈ ಪ್ರಸಂಗದಿಂದ ಕೆರೆ ಕಟ್ಟುವುದು ಹೀನವೆಂದು ತಿಳಿಯಬಾರದು. ಆ ಕೆರೆಯು ಇಂದಿಗೂ ಸೊಲ್ಲಾಪುರದ ನಡುವೆ ಇದೆ. ಹೊರಗೆ ನೀರು ತುಂಬಿದರೂ ಒಳಗೆ ಅಹಂಕಾರವು ಒಣಗಿಸುತ್ತಿದ್ದರೆ ಆ ದುಡಿಮೆ ಅರೆಯಾಯಿತೆಂಬುದೇ ಪ್ರಭುಗಳ ಎಚ್ಚರಿಕೆ. ತಿದ್ದುವ ಮಾತನ್ನು ಸ್ವೀಕರಿಸಿ ತನ್ನನ್ನು ತಾನೇ ನಿಯಮಿಸಿಕೊಳ್ಳಬೇಕೆಂದು ಶಾಶ್ವತ ಕೃಷಿಯ ನಾಲ್ಕನೆಯ ತತ್ತ್ವವು ಹೇಳುತ್ತದೆ. ಸಾವಿರಾರು ಜನರ ಗೌರವಕ್ಕೆ ಪಾತ್ರರಾದವರೊಬ್ಬರು ತಿದ್ದುಮಾತಿಗೆ ತಲೆಬಾಗಿದುದಕ್ಕಿಂತ ಮಿಗಿಲಾದ ನಿದರ್ಶನವುಂಟೆ?

ಬದುವಿನ ಬೆಲೆ

ಹೊಲದ ನಡುವಿಗಿಂತ ಹೊಲದ ಅಂಚಿನಲ್ಲಿಯೇ ಹೆಚ್ಚು ಬಗೆಯ ಗಿಡಗಳು ಬೆಳೆಯುವುದನ್ನು ರೈತರೆಲ್ಲ ಕಂಡಿದ್ದಾರೆ. ನೀರೂ ನೆಲವೂ ಕೂಡುವ ಕೆರೆಯಂಚು, ಕಾಡೂ ಹೊಲವೂ ಕೂಡುವ ಸೆರಗು, ಇವು ಜೀವಸಂಪತ್ತಿನ ತಾಣಗಳು. ಆದುದರಿಂದ ಅಂಚನ್ನು ಕಡೆಗಣಿಸಬಾರದೆಂದೂ ಬಗೆಬಗೆಯ ಬೆಳೆ ಒಂದೆಡೆ ಬಾಳಬೇಕೆಂದೂ ಶಾಶ್ವತ ಕೃಷಿಯು ಬೋಧಿಸುವುದು.

ಲೋಕವು ಅಂಚಿಗೆ ತಳ್ಳಿದವರನ್ನು ಕಲ್ಯಾಣದ ಶರಣರು ನಡುಮನೆಗೆ ಕರೆತಂದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ ಮೊದಲಾದವರ ಹೆಸರುಗಳಲ್ಲಿಯೇ ನಾನಾ ಕಾಯಕಗಳು ಬೆಳಗುತ್ತಿವೆ. ಅಕ್ಕಡಿಸಾಲಿನ ಹೊಲದಂತೆ ಒಬ್ಬರ ಅನುಭವವು ಮತ್ತೊಬ್ಬರ ಬೇರಿಗೆ ಸಾರವಾಯಿತು. ಇಂದಿನ ಗೃಹಸ್ಥನು ತನ್ನ ಮನೆಯ ಅಂಚಿನಲ್ಲಿ ಯಾರನ್ನು ನಿಲ್ಲಿಸಿದ್ದಾನೆ? ಮನೆಗೆಲಸದವಳ ಮಾತನ್ನು ಕುಳಿತು ಕೇಳಿದ್ದುಂಟೆ? ಮೂಲೆ ಸೇರಿದ ಅಜ್ಜಿಯು ಬಲ್ಲ ಬೀಜದ, ಮದ್ದಿನ ತಿಳಿವಳಿಕೆಯನ್ನು ಸೊಸೆಯು ಪಡೆದಳೆ? ಬದುವನ್ನು ಉತ್ತು ಹಾಕಿದವನಿಗೆ ಮೊದಲ ಮಳೆಯಲ್ಲಿಯೇ ಹೊಲದ ಮಣ್ಣು ಕೊಚ್ಚಿಹೋಗುವುದು.

ಆಯ್ದಕ್ಕಿಯ ಪಾಠ

ಈ ಎಲ್ಲ ತತ್ತ್ವಗಳ ಹೃದಯವಿರುವುದು ಮೂರನೆಯ ನೀತಿಯಲ್ಲಿ. ಬಳಕೆಗೊಂದು ಮಿತಿ, ಮಿಕ್ಕುದು ಮರಳಿ ಸಮುದಾಯಕ್ಕೆ ಮತ್ತು ನೆಲಕ್ಕೆ. ಇದನ್ನು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳಿಗಿಂತ ಚೆನ್ನಾಗಿ ಬಾಳಿ ತೋರಿಸಿದವರು ವಿರಳ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದಲೇ ದಾಸೋಹವು ನಡೆಯುತ್ತಿದ್ದಿತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಆಸೆಯು ಎಲ್ಲಿಂದ ಬಂದಿತೆಂದು ಕೇಳಿ, ಅಂದಿಗೆ ಬೇಕಾದಷ್ಟನ್ನು ಇರಿಸಿಕೊಂಡು, ಉಳಿದುದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಮರಳಿ ಕಳುಹಿದರು.

ಈ ಕಥೆಯನ್ನು ಕೇಳಿ ಮೆಚ್ಚದವರಿಲ್ಲ. ಮೆಚ್ಚಿದವರೆಲ್ಲ ಒಂದು ಪ್ರಶ್ನೆಯನ್ನು ದಾಟಿಹೋಗುತ್ತಾರೆ. ಆ ಅಕ್ಕಿ ಕಳವಿನದಲ್ಲ, ದಾಸೋಹಕ್ಕಾಗಿಯೇ ತಂದುದು. ಹೆಚ್ಚು ಅಕ್ಕಿಯಿಂದ ಹೆಚ್ಚು ಜಂಗಮರಿಗೆ ಉಣಬಡಿಸಬಹುದಾಗಿದ್ದಿತಲ್ಲವೆ? ಲಕ್ಕಮ್ಮನವರು ಕಂಡ ಕೇಡು ಯಾವುದು? ಕೂಡಿಡುವ ಅಭ್ಯಾಸವು ಮೊದಲು ಒಳ್ಳೆಯ ನೆಪವನ್ನು ಹೊತ್ತೇ ಬಾಗಿಲಿಗೆ ಬರುತ್ತದೆ. ನಾಳೆಯ ದಾನಕ್ಕೆಂದು ಕೂಡಿಸಿದವನು ನಾಡಿದ್ದಿನ ಭಯಕ್ಕೆಂದು ಬಚ್ಚಿಡುತ್ತಾನೆ. ಅಂಗಳದಲ್ಲಿ ಉಳಿದ ಅಕ್ಕಿಗೆ ಬೇರೆ ಬಾಯಿಗಳೂ ಕಾದಿರಬಹುದು. ಹಕ್ಕಿಗೆ, ಇರುವೆಗೆ, ಮತ್ತೊಬ್ಬ ಬಡವನಿಗೆ ಅದರಲ್ಲಿ ಪಾಲುಂಟು. ಆದುದರಿಂದ ‘ಸಾಕು’ ಎಂಬ ಮಾತು ಬಡತನದ ಮಾತಲ್ಲ. ಅದು ಲೋಕದ ಪಾಲನ್ನು ಒಪ್ಪಿದ ಮಾತು.

ದಾಸೋಹಕ್ಕೂ ದಾನಕ್ಕೂ ಇರುವ ಅಂತರವೂ ಇಲ್ಲಿಯೇ ತಿಳಿಯುವುದು. ಮರವು ಎಲೆಯನ್ನು ನೆಲಕ್ಕೆ ದಾನಮಾಡುವುದಿಲ್ಲ. ನೆಲದಿಂದ ಬಂದುದನ್ನು ನೆಲಕ್ಕೆ ಮರಳಿಸುತ್ತದೆ. ಅದರಿಂದಲೇ ಮುಂದಿನ ವರ್ಷ ಚಿಗುರುತ್ತದೆ. ದಾಸೋಹಿಯೂ ತಾನು ಕೊಟ್ಟೆನೆಂದು ಬೀಗುವುದಿಲ್ಲ. ಲಿಂಗದಿಂದ ಬಂದುದನ್ನು ಜಂಗಮಮುಖದಿಂದ ಲಿಂಗಕ್ಕೆ ಮರಳಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುತ್ತಾನೆ. ಪ್ರಸಾದವೆಂದ ಮೇಲೆ ಚೆಲ್ಲುವ ಮಾತೆಲ್ಲಿ? ಏನನ್ನೂ ವ್ಯರ್ಥಗೊಳಿಸಬಾರದೆಂಬ ಆರನೆಯ ತತ್ತ್ವವು ಪ್ರಸಾದಭಾವವುಳ್ಳ ಮನೆಗೆ ಊಟದ ಎಲೆಯಲ್ಲಿಯೇ ಸಿದ್ಧಿಸುವುದು.

ಅಂತರವನ್ನೂ ಅರಿಯಬೇಕು

ಇಷ್ಟು ಸಾಮ್ಯವನ್ನು ಕಂಡು, ಶರಣಧರ್ಮವೂ ಶಾಶ್ವತ ಕೃಷಿಯೂ ಒಂದೇ ಎನ್ನುವುದು ಅವಸರದ ಮಾತಾದೀತು. ಶಾಶ್ವತ ಕೃಷಿಯು ಭೂಮಿಯೂ ಮನುಷ್ಯನೂ ಬಹುಕಾಲ ಬಾಳುವ ಬಗೆಯನ್ನು ಹುಡುಕುತ್ತದೆ. ಶರಣರ ಗುರಿ ಲಿಂಗಾಂಗಸಾಮರಸ್ಯ. ಮೊದಲನೆಯದು ನೆಲವನ್ನು ಹಸನು ಮಾಡುವುದು. ಎರಡನೆಯದು ಹಸನಾದ ನೆಲದಲ್ಲಿ ಭಕ್ತಿಯ ಬೀಜವನ್ನು ಬಿತ್ತುವುದು. ಆದರೂ ನೆಲವನ್ನು ಹಾಳುಮಾಡುತ್ತ, ನೀರನ್ನು ಮಲಿನಗೊಳಿಸುತ್ತ, ಬೆಳಿಗ್ಗೆ ಸಂಜೆ ಪೂಜೆ ಮಾಡಿದರೆ ಆ ಪೂಜೆಗೆ ಅರ್ಥವಿಲ್ಲ. ಅಭಿಷೇಕದ ನೀರೂ ನೈವೇದ್ಯದ ಅನ್ನವೂ ವಿಭೂತಿಗೆ ಮೂಲವಾದ ಗೋಮಯವೂ ಭೂಮಿಯಿಂದಲೇ ಬರತಕ್ಕವು.

ಅನುಷ್ಠಾನ

ಸಣ್ಣದಾಗಿ, ನಿಧಾನವಾಗಿ ಮಾಡಬೇಕೆಂಬುದೂ ಹನ್ನೆರಡು ತತ್ತ್ವಗಳಲ್ಲಿ ಒಂದು. ಒಂದೇ ದಿನ ಎಲ್ಲವನ್ನೂ ಬದಲಿಸಹೊರಟವನು ಹದಿನೈದನೆಯ ದಿನ ಕೈಬಿಡುವನು. ಗೃಹಸ್ಥರು ಈ ಕೆಳಗಿನವುಗಳಲ್ಲಿ ಒಂದನ್ನು ಹಿಡಿದು ಒಂದು ಋತು ನಡೆಸಲಿ. ನೆಲೆಯಾದ ಮೇಲೆ ಇನ್ನೊಂದಕ್ಕೆ ಕೈಹಾಕಲಿ.

ಒಂದು: ಅಡುಗೆಮನೆಯ ಸಿಪ್ಪೆ, ಸೊಪ್ಪಿನ ದಂಟುಗಳನ್ನು ಬೀದಿಗೆ ಎಸೆಯದೆ, ತಳದಲ್ಲಿ ತೂತುಗಳುಳ್ಳ ಮಡಕೆಯಲ್ಲಿ ಹಾಕಿ, ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆಯನ್ನು ಮುಚ್ಚುತ್ತ ಬರುವುದು. ಆಗಾಗ ಕೈಯಾಡಿಸಿದರೆ ಎರಡು ಮೂರು ತಿಂಗಳಲ್ಲಿ ಅದು ಮಣ್ಣಿನ ವಾಸನೆಯ ಗೊಬ್ಬರವಾಗುವುದು. ಪಟ್ಟಣದ ಚಿಕ್ಕ ಮನೆಯಲ್ಲಿಯೂ ಇದು ಸಾಧ್ಯ. ಪೂಜೆಯಲ್ಲಿ ಬಾಡಿದ ಹೂವು ಪತ್ರೆಗಳಿಗೂ ಇದಕ್ಕಿಂತ ಗೌರವದ ದಾರಿಯಿಲ್ಲ.

ಎರಡು: ಪಾತ್ರೆ ಬೆಳಗಿದ ನೀರು ಬಾಳೆಯ ಬುಡಕ್ಕೆ ಹರಿಯುವಂತೆ ಮಾಡುವುದು, ಹೊಲವುಳ್ಳವರು ಕೂಳೆಯನ್ನು ಸುಡದೆ ನೆಲಕ್ಕೆ ಹೊದಿಸುವುದು.

ಮೂರು: ತಿಂಗಳ ಆದಾಯವು ಕೈಗೆ ಬಂದ ದಿನವೇ ಮನೆಯವರೆಲ್ಲ ಕುಳಿತು, ಇಷ್ಟು ಸಾಕೆಂಬ ಗೆರೆಯನ್ನು ಎಳೆದು, ದಾಸೋಹದ ಪಾಲನ್ನು ಮೊದಲು ತೆಗೆದಿರಿಸುವುದು. ಉಳಿದರೆ ಕೊಡುವೆನೆಂದವನಿಗೆ ಎಂದೂ ಉಳಿಯದು.

ನಾಲ್ಕು: ಇರುಳು ಮಲಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು. ಇಂದು ಎಷ್ಟನ್ನು ಪಡೆದೆನು? ಅದರಲ್ಲಿ ಬೇಕಾದುದೆಷ್ಟು? ಮರಳಿಸಿದುದೆಷ್ಟು?

ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ರಾತ್ರಿಗಳು ಮೊದಮೊದಲು ಬಹಳವಿರಬಹುದು. ಅದಕ್ಕಾಗಿ ಮನಗುಂದಬಾರದು. ಬರಡಾದ ಹೊಲವೂ ಎಲೆಯ ಮೇಲೆ ಎಲೆ ಬಿದ್ದು, ಮಳೆಯ ಮೇಲೆ ಮಳೆ ಇಂಗಿ, ವರ್ಷಗಳ ಮೇಲೆ ಹಸುರಾಗುವುದು. ಆಯ್ದ ಅಕ್ಕಿಯಲ್ಲಿ ಅಂದಿನದನ್ನು ಮಾತ್ರ ಇರಿಸಿಕೊಂಡ ಗುಡಿಸಲಿನಲ್ಲಿ ದಾಸೋಹವು ತಪ್ಪಲಿಲ್ಲ. ಆ ತಾಯಿಯ ‘ಸಾಕು’ ಎಂಬ ಅರಿವು ಒಂದೊಂದು ಮನೆಯಲ್ಲಿಯೂ ನೆಲಸಲಿ. ಭೂಮಿಯೂ ಭಕ್ತಿಯೂ ಕೂಡಿ ಬೆಳೆಯಲಿ.